ವಿಮಾನಯಾನ ಹೋಲಿಕೆ ಮಾಹಿತಿ: ಏಕಮೂಲ ನಿರ್ವಹಣೆ

ವಿಮಾನ ಸಂಸ್ಥೆಗಳ ವೇಳೆ, ದರ, ಲಗೇಜ್ ಮಿತಿ, ರದ್ದತಿ ನಿಯಮ, ನಿಲ್ದಾಣದಿಂದ ಊರಿಗಿರುವ ದೂರ ಮುಂತಾದ ವಿವರಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಕೋಷ್ಟಕಗಳೆಲ್ಲ ಒಂದೇ ದತ್ತಸಂಚಯದಿಂದ ಅಂಕಿ ಅಂಶ ಪಡೆಯುವಂತೆ ಮಾಡುವ ವ್ಯವಸ್ಥೆ. ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡಬೇಕು, ಬೇಕಾದವರೆಲ್ಲ ಅಲ್ಲಿಂದಲೇ ಓದಿಕೊಳ್ಳಬೇಕು, ತಿದ್ದುವುದಿದ್ದರೆ ಅಲ್ಲೇ ತಿದ್ದಬೇಕು ಎಂಬುದು ಇದರ ತಿರುಳು. ಲಗೇಜ್ ಮಿತಿಯನ್ನು ಹತ್ತು ಕಡೆ ಬಿಡಿಬಿಡಿಯಾಗಿ ಬರೆದಿಟ್ಟವರು ನಿಯಮ ಬದಲಾದಾಗ ಆರು ಕಡೆ ತಿದ್ದಿ ನಾಲ್ಕು ಕಡೆ ಮರೆಯುತ್ತಾರೆ. ಮರೆತ ನಾಲ್ಕರಲ್ಲಿ ಒಂದನ್ನು ನಂಬಿ ಬಂದ ಪ್ರಯಾಣಿಕರು ಚೆಕ್-ಇನ್ ಕೌಂಟರಿನಲ್ಲಿ ದಂಡ ತೆರುತ್ತಾರೆ. ಹೋಲಿಕೆಯ ವಿಷಯದಲ್ಲಿ ಈ ತಪ್ಪು ದುಪ್ಪಟ್ಟು ಕೆಡುಕಿನದು. ಒಂದು ಸಂಸ್ಥೆಯ ವಿವರ ಹಳೆಯದಾಗಿ ಇನ್ನೊಂದರದು ಹೊಸದಾಗಿದ್ದರೆ ಎರಡರ ನಡುವಿನ ತೀರ್ಪೇ ತಲೆಕೆಳಗಾಗುತ್ತದೆ.

ಈ ವ್ಯವಸ್ಥೆ ಏಕೆ ಬೇಕು, ಎಲ್ಲಿ ಸಾಲದು ಎಂಬುದನ್ನು ತಿಳಿಯಲು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಸಾಣಾಪುರದಂಥ ಊರು ಒಳ್ಳೆಯ ಪರೀಕ್ಷೆ. ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರಗಳ ಸಾಲಿನಲ್ಲಿರುವ ಈ ಹಳ್ಳಿಗೆ ಕೆರೆ, ಹರಿಗೋಲು, ಬಂಡೆಗುಡ್ಡ, ಭತ್ತದ ಗದ್ದೆಗಳನ್ನು ನೋಡಲು ದೇಶವಿದೇಶದ ಜನ ಬರುತ್ತಾರೆ. ಅವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ವಿಮಾನ ನಿಲ್ದಾಣ ಹತ್ತಿರ, ಅಲ್ಲಿಗೆ ಯಾವ ವಿಮಾನ ಇದೆ?

ಮೂರು ಜಿಲ್ಲೆ, ಒಂದು ನದಿ

ಸಾಣಾಪುರಕ್ಕೆ ಹತ್ತಿರದ, ನಿಯಮಿತ ಹಾರಾಟ ಕಂಡ ನಿಲ್ದಾಣವೆಂದರೆ ತೋರಣಗಲ್ಲು ಬಳಿಯ ವಿದ್ಯಾನಗರದಲ್ಲಿರುವ ಜಿಂದಾಲ್ ವಿಜಯನಗರ ವಿಮಾನ ನಿಲ್ದಾಣ. ಇದು ಉಕ್ಕಿನ ಕಾರ್ಖಾನೆಯ ಖಾಸಗಿ ನಿಲ್ದಾಣ. ಅಂತಾರಾಷ್ಟ್ರೀಯ ವಾಯು ಸಾರಿಗೆ ಸಂಘ, ಅಂದರೆ ಐಎಟಿಎ, ಕೊಟ್ಟಿರುವ ಮೂರಕ್ಷರದ ಸಂಕೇತ ವಿಡಿವೈ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ (ಐಸಿಎಒ) ನಾಲ್ಕಕ್ಷರದ ಸಂಕೇತ ವಿಒಜೆವಿ. ಹೆಸರಿನಲ್ಲಿ ವಿಜಯನಗರ ಇದ್ದರೂ ನಿಲ್ದಾಣ ಇರುವುದು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ ಹೊಸಪೇಟೆ, ಹಂಪಿಗಳು ಹೋದವು, ತೋರಣಗಲ್ಲು ಹೋಗಲಿಲ್ಲ. ಸಾಣಾಪುರವೋ 1998ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯದು. ಹೀಗೆ ಒಂದು ಪುಟ್ಟ ಪ್ರಯಾಣಕ್ಕೆ ಮೂರು ಜಿಲ್ಲೆಗಳ ಹೆಸರು ತಗುಲಿಕೊಂಡಿದೆ. ಜಿಲ್ಲೆಯ ಹೆಸರನ್ನೇ ಗುರುತಿನ ಕೀಲಿಯಾಗಿ ಹಿಡಿದು ಮಾಹಿತಿ ಜೋಡಿಸಿದವರ ಕೋಷ್ಟಕ 2021ರಲ್ಲೇ ಮುರಿದುಬಿತ್ತು.

ಬಳ್ಳಾರಿ ಎಂದು ಹುಡುಕಿದರೆ ಇನ್ನೊಂದು ತೊಡಕು. ಬಳ್ಳಾರಿ ನಗರದ ಹಳೆಯ ನಿಲ್ದಾಣಕ್ಕೆ ಬಿಇಪಿ ಎಂಬ ಪ್ರತ್ಯೇಕ ಸಂಕೇತವಿದೆ. ಸಂಕೇತ ಇದ್ದ ಮಾತ್ರಕ್ಕೆ ಅಲ್ಲಿಂದ ವಿಮಾನ ಹೊರಡುತ್ತದೆ ಎಂದಲ್ಲ. ಕೊಪ್ಪಳದ ಸಮೀಪ ಎಂಎಸ್‌ಪಿಎಲ್ ಕಂಪನಿಯ ಖಾಸಗಿ ಏರ್‌ಸ್ಟ್ರಿಪ್ ಇದೆ. ಉಡಾನ್ ಎಂಬ ಪ್ರಾದೇಶಿಕ ವಿಮಾನ ಸಂಪರ್ಕ ಯೋಜನೆಯ ಚರ್ಚೆಗಳಲ್ಲಿ ಅದರ ಹೆಸರು ಮತ್ತೆ ಮತ್ತೆ ಬಂತು, ಪತ್ರಿಕೆಗಳಲ್ಲಿ ಸುದ್ದಿಯೂ ಆಯಿತು. ಹೀಗಾಗಿ ದತ್ತಸಂಚಯದಲ್ಲಿ ಪ್ರತಿ ನಿಲ್ದಾಣದ ಮುಂದೆ ‘ಸ್ಥಿತಿ’ ಎಂಬ ಕಾಲಂ ಕಡ್ಡಾಯವಾಗಿ ಇರಬೇಕು: ಘೋಷಣೆಯಾಗಿದೆ, ಪರವಾನಗಿ ಸಿಕ್ಕಿದೆ, ಹಾರಾಟ ನಡೆದಿದೆ, ನಿಂತಿದೆ. ಈ ನಾಲ್ಕನ್ನು ಒಂದೇ ‘ಇದೆ’ ಎಂಬ ಮಾತಿನಲ್ಲಿ ಮುಚ್ಚಿಡುವ ಪಟ್ಟಿಗಳು ಈ ಭಾಗದ ಜನರಿಗೆ ಮಾಡಿರುವ ಅನ್ಯಾಯ ಸಣ್ಣದಲ್ಲ. ಶಂಕುಸ್ಥಾಪನೆಯ ಫೋಟೊ ನೋಡಿ ಯಾರೂ ವಿಮಾನ ಹತ್ತಲಾರರು.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ದೂರದ ಲೆಕ್ಕ. ಹೋಲಿಕೆ ಕೋಷ್ಟಕಗಳಲ್ಲಿ ಬಹಳಷ್ಟು ಕಡೆ ‘ಹತ್ತಿರದ ನಿಲ್ದಾಣ’ವನ್ನು ಅಕ್ಷಾಂಶ ರೇಖಾಂಶಗಳಿಂದ ನೇರ ಗೆರೆ ಎಳೆದು ಯಂತ್ರವೇ ಕಂಡುಕೊಳ್ಳುತ್ತದೆ. ನೇರ ಗೆರೆಗೆ ತುಂಗಭದ್ರೆ ಕಾಣುವುದಿಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಗೋಪುರ ಆಚೆ ದಡದ ವಿರೂಪಾಪುರಗಡ್ಡೆಯಿಂದ ಕಣ್ಣೆದುರೇ ಇದೆ. ದೋಣಿ ನಡೆಯುವಾಗ ಕೆಲವೇ ನಿಮಿಷದ ದಾರಿ. ಜಲಾಶಯದಿಂದ ನೀರು ಬಿಟ್ಟು ಹೊಳೆ ತುಂಬಿದರೆ ದೋಣಿ ನಿಲ್ಲುತ್ತದೆ, ಸುತ್ತಿ ಬಳಸಿ ಹತ್ತಾರು ಕಿಲೋಮೀಟರ್ ರಸ್ತೆಯಲ್ಲಿ ಹೋಗಬೇಕು. ಆನೆಗೊಂದಿಯ ಬಳಿ ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿಯಿತು. ಮುಂದೆ ಕಡೇಬಾಗಿಲು–ಬುಕ್ಕಸಾಗರ ನಡುವೆ ಸೇತುವೆ ಬಂದ ಮೇಲೆ ದಾರಿಯ ಲೆಕ್ಕವೇ ಬದಲಾಯಿತು. ಆದ್ದರಿಂದ ‘ಹಂಪಿಗೆ ಹತ್ತಿರದ ನಿಲ್ದಾಣ’ ಎಂಬ ಒಂದು ಸಾಲನ್ನು ಎರಡೂ ದಡಗಳಿಗೆ ಹಂಚುವುದು ತಪ್ಪು. ಹಂಪಿಗೊಂದು ದಾಖಲೆ, ಸಾಣಾಪುರಕ್ಕೊಂದು ದಾಖಲೆ ಬೇಕು. ಎರಡರಲ್ಲೂ ರಸ್ತೆಯ ದೂರ, ಯಾವ ಸೇತುವೆಯ ಮೂಲಕ, ಯಾವ ದಿನ ಪರಿಶೀಲಿಸಿದ್ದು ಎಂಬುದು ಇರಬೇಕು. ಹುಬ್ಬಳ್ಳಿ ನಿಲ್ದಾಣ (ಎಚ್‌ಬಿಎಕ್ಸ್) ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವಿದ್ದರೂ ಕೊಪ್ಪಳದ ಕಡೆಯಿಂದ ಬರುವವರು ನದಿ ದಾಟದೆ ಸಾಣಾಪುರ ತಲುಪಬಹುದು. ಈ ಅನುಕೂಲ ಕಿಲೋಮೀಟರಿನ ಕಾಲಂನಲ್ಲಿ ಕಾಣುವುದಿಲ್ಲ.

ಬದಲಾವಣೆಯ ವೇಗಗಳು

ಏಕಮೂಲ ಎಂದರೆ ಎಲ್ಲವನ್ನೂ ಒಂದೇ ಡಬ್ಬಿಗೆ ತುಂಬುವುದು ಎಂದು ತಿಳಿದವರು ಬೇಗ ಸೋಲುತ್ತಾರೆ. ವಿಮಾನಯಾನದ ಸಂಗತಿಗಳು ಒಂದೊಂದೂ ಒಂದೊಂದು ವೇಗದಲ್ಲಿ ಬದಲಾಗುತ್ತವೆ.

ನಿಲ್ದಾಣದ ಸಂಕೇತ ದಶಕಗಟ್ಟಲೆ ಹಾಗೇ ಇರುತ್ತದೆ. 2014ರ ನವೆಂಬರ್ 1ರಂದು ಬೆಂಗಳೂರು, ಮಂಗಳೂರು, ಬೆಳಗಾವಿ, ಹುಬ್ಬಳ್ಳಿ, ಬಳ್ಳಾರಿ, ಹೊಸಪೇಟೆ ಸೇರಿ ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಕನ್ನಡದ ಉಚ್ಚಾರಕ್ಕೆ ಹೊಂದಿಕೊಂಡಿತು. ಬಿಎಲ್ಆರ್, ಐಎಕ್ಸ್ಇ, ಐಎಕ್ಸ್‌ಜಿ, ಎಚ್‌ಬಿಎಕ್ಸ್ ಸಂಕೇತಗಳು ಕದಲಲಿಲ್ಲ. ಸಂಕೇತವನ್ನು ಕೀಲಿಯಾಗಿ ಇಟ್ಟುಕೊಂಡವರು ಹನ್ನೆರಡು ಸಾಲು ತಿದ್ದಿ ಕೆಲಸ ಮುಗಿಸಿದರು. ಹೆಸರನ್ನೇ ಕೀಲಿ ಮಾಡಿಕೊಂಡವರಿಗೆ ಹಳೆಯ ಹೆಸರಿನ ಊರೊಂದು, ಹೊಸ ಹೆಸರಿನ ಊರೊಂದು ಎಂದು ಎರಡೆರಡು ಊರು ಹುಟ್ಟಿಕೊಂಡವು.

ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಹೊರಳುತ್ತದೆ. ಮಾರ್ಚ್ ತಿಂಗಳ ಕೊನೆಯ ಭಾನುವಾರದಿಂದ ಬೇಸಿಗೆಯ ಪಟ್ಟಿ, ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದಿಂದ ಚಳಿಗಾಲದ ಪಟ್ಟಿ. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಇವನ್ನು ಮಂಜೂರು ಮಾಡುತ್ತದೆ. ನಡುವೆಯೂ ಸಣ್ಣಪುಟ್ಟ ಬದಲಾವಣೆಗಳು ಇದ್ದೇ ಇರುತ್ತವೆ. ಸಂಸ್ಥೆಗಳ ನಡುವೆ ಈ ಪಟ್ಟಿ ಓಡಾಡುವುದು ಐಎಟಿಎ ರೂಪಿಸಿದ ಎಸ್‌ಎಸ್‌ಐಎಂ ಎಂಬ ಮಾದರಿಯಲ್ಲಿ. ಅದರಲ್ಲಿ ವಾರದ ದಿನಗಳನ್ನು 1ರಿಂದ 7ರವರೆಗಿನ ಅಂಕಿಯಲ್ಲಿ ಬರೆಯುತ್ತಾರೆ. 1 ಎಂದರೆ ಸೋಮವಾರ. ನಮ್ಮ ಗೋಡೆ ಕ್ಯಾಲೆಂಡರಿನಂತೆ ಭಾನುವಾರದಿಂದ ಎಣಿಸುವ ತಂತ್ರಾಂಶಕ್ಕೆ ಇದನ್ನು ಹಾಗೇ ಉಣಿಸಿದರೆ ಸೋಮ, ಬುಧ, ಶುಕ್ರ ಹಾರುವ ವಿಮಾನ ಭಾನು, ಮಂಗಳ, ಗುರುವಾರಕ್ಕೆ ಹಿಂದೆ ಸರಿಯುತ್ತದೆ. ದಿನಕ್ಕೆ ಹತ್ತಾರು ವಿಮಾನ ಇರುವ ಬೆಂಗಳೂರು–ದೆಹಲಿ ಮಾರ್ಗದಲ್ಲಿ ಯಾರೂ ಇದನ್ನು ಗಮನಿಸಲಾರರು. ವಾರದಲ್ಲಿ ಕೆಲವೇ ದಿನ ಹಾರಾಟ ನಡೆಯುವ ಚಿಕ್ಕ ನಿಲ್ದಾಣದಲ್ಲಿ ಇದರಿಂದ ಪ್ರವಾಸವೇ ಕೆಡುತ್ತದೆ.

ದರ ನಿಮಿಷ ನಿಮಿಷಕ್ಕೂ ಬದಲಾಗುತ್ತದೆ. ಅದನ್ನು ದತ್ತಸಂಚಯದಲ್ಲಿ ಕೂಡಿಟ್ಟು ಮೂರು ದಿನದ ನಂತರ ತೋರಿಸುವುದಕ್ಕಿಂತ ಆ ಕ್ಷಣ ಕೇಳಿ ತೋರಿಸುವುದೇ ಸರಿ. ಆಗದಿದ್ದರೆ ಯಾವ ಹೊತ್ತಿನಲ್ಲಿ ನೋಡಿದ ದರ ಎಂಬುದನ್ನು ಪಕ್ಕದಲ್ಲೇ ಬರೆಯಬೇಕು. ಹೊತ್ತು ನಮೂದಿಸದ ವಿಮಾನ ದರ ಮಾಹಿತಿಯಲ್ಲ, ಆಮಿಷ.

ಟರ್ಮಿನಲ್ ಅಪರೂಪಕ್ಕೆ ಬದಲಾಗುತ್ತದೆ, ಆದರೆ ಒಂದೇ ರಾತ್ರಿಯಲ್ಲಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. 2023ರ ಸೆಪ್ಟೆಂಬರ್ 12ರಂದು ಅಂತಾರಾಷ್ಟ್ರೀಯ ಹಾರಾಟಗಳು ಅಲ್ಲಿಗೆ ಸ್ಥಳಾಂತರವಾದವು. ಇಂಥ ದಿನಕ್ಕೆ ಮೊದಲೇ ಸಿದ್ಧವಾಗಲು ಪ್ರತಿ ದಾಖಲೆಗೂ ‘ಯಾವ ದಿನದಿಂದ’, ‘ಯಾವ ದಿನದವರೆಗೆ’ ಎಂಬ ಎರಡು ತಾರೀಖು ಇರಬೇಕು. ಆಗ ಹೊಸ ಸಾಲನ್ನು ಒಂದು ತಿಂಗಳು ಮುಂಚೆಯೇ ಬರೆದಿಡಬಹುದು. ದಿನ ಬಂದಾಗ ಅದು ತಾನಾಗಿ ಜಾರಿಗೆ ಬರುತ್ತದೆ. ವಿಮಾನ ಚಾಲಕರ ನಕ್ಷೆ ಮತ್ತು ನಿಲ್ದಾಣದ ವಿವರಗಳಿಗೆ ಜಗತ್ತಿನಾದ್ಯಂತ ಇದೇ ಕ್ರಮ ಇದೆ. ಏರಾಕ್ ಎಂಬ 28 ದಿನಗಳ ಚಕ್ರದಲ್ಲಿ ಎಲ್ಲ ದೇಶಗಳೂ ಒಂದೇ ದಿನ ಬದಲಾವಣೆ ಜಾರಿಗೆ ತರುತ್ತವೆ. ಪ್ರಯಾಣಿಕರಿಗಾಗಿ ಮಾಹಿತಿ ನೀಡುವವರು ಇದರಿಂದ ಕಲಿಯಬೇಕಾದದ್ದು ಬಹಳ.

ಹಿನ್ನೆಲೆ

ವಿಮಾನಗಳ ವೇಳೆಯನ್ನು ಒಂದೆಡೆ ಸೇರಿಸುವ ಯತ್ನ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದಲ್ಲಿ 1929ರಲ್ಲಿ ಮೊದಲ ಸಂಚಿಕೆ ಕಂಡ ಅಫೀಶಿಯಲ್ ಏವಿಯೇಶನ್ ಗೈಡ್ 35 ಸಂಸ್ಥೆಗಳ ಸುಮಾರು 300 ಹಾರಾಟಗಳನ್ನು ಪಟ್ಟಿ ಮಾಡಿತ್ತು. ಅದೇ ಇಂದಿನ ಒಎಜಿ. 1960ರ ದಶಕದಲ್ಲಿ ಅಮೆರಿಕನ್ ಏರ್‌ಲೈನ್ಸ್ ಮತ್ತು ಐಬಿಎಂ ಸೇರಿ ಕಟ್ಟಿದ ಸೇಬರ್ ವ್ಯವಸ್ಥೆ ಸೀಟುಗಳ ಲೆಕ್ಕವನ್ನು ಒಂದೇ ಯಂತ್ರಕ್ಕೆ ತಂದಿತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಪ್ರಕಟಿಸಿದ ಸಂಬಂಧಾತ್ಮಕ ಮಾದರಿ, ಒಂದೇ ಸಂಗತಿಯನ್ನು ಎರಡು ಕಡೆ ಬರೆಯದಂತೆ ದತ್ತಾಂಶ ಜೋಡಿಸುವುದಕ್ಕೆ ಶಾಸ್ತ್ರದ ಅಡಿಪಾಯ ಹಾಕಿತು. ಸೀಟು ಕಾಯ್ದಿರಿಸುವ ಯುರೋಪಿನ ವ್ಯವಸ್ಥೆ ಅಮೆಡಿಯಸ್ 1987ರಲ್ಲಿ ಬಂತು. ಅದರ ದೊಡ್ಡ ತಂತ್ರಾಂಶ ಕೇಂದ್ರವೊಂದು ಇಂದು ಬೆಂಗಳೂರಿನಲ್ಲಿದೆ.

ಹೋಲಿಕೆಯನ್ನು ಕಷ್ಟ ಮಾಡಿದ್ದು ಅಗ್ಗದ ವಿಮಾನಯಾನ. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಊಟ, ತಿಂಡಿಗಳು ಟಿಕೆಟ್ಟಿನಿಂದ ಹೊರಬಂದವು. ಸಾಮಾನ್ಯ ಜನರಿಗೆ ಆಕಾಶ ತೆರೆದ ಆ ಬದಲಾವಣೆ ದೊಡ್ಡದು. ಜೊತೆಗೆ ಟಿಕೆಟ್ ಎಂಬ ಒಂದು ಬೆಲೆ ಹಲವು ತುಂಡುಗಳಾಗಿ ಒಡೆಯಿತು. ಈಗ ಸೀಟಿನ ಆಯ್ಕೆ, ಹೆಚ್ಚುವರಿ ಲಗೇಜ್, ದಿನಾಂಕ ಬದಲಾವಣೆ ಎಲ್ಲಕ್ಕೂ ಪ್ರತ್ಯೇಕ ಬೆಲೆ. ಮೂಲದರವನ್ನಷ್ಟೇ ಹೋಲಿಸುವ ಕೋಷ್ಟಕ ಪ್ರಾಮಾಣಿಕವಾಗಿದ್ದರೂ ದಾರಿ ತಪ್ಪಿಸುತ್ತದೆ. ಆರಂಭದಲ್ಲಿ ಕಡಿಮೆ ಬೆಲೆ ತೋರಿಸಿ ಕೊನೆಗೆ ಹನಿಹನಿಯಾಗಿ ಏರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ಹದಿಮೂರು ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ.

ಸಂಸ್ಥೆಗಳ ಹುಟ್ಟು ಸಾವು

ವಿದ್ಯಾನಗರದ ಇತ್ತೀಚಿನ ಇತಿಹಾಸವೇ ಒಂದು ಪಾಠ. 2016ರಲ್ಲಿ ಪ್ರಕಟವಾದ ಉಡಾನ್ ಪ್ರಾದೇಶಿಕ ಸಂಪರ್ಕ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ, 500 ಕಿ.ಮೀ. ಹಾರಾಟದ ಒಂದಷ್ಟು ಸೀಟುಗಳಿಗೆ ₹2,500ರ ಆಸುಪಾಸಿನ ಮಿತಿ ಇಡಲಾಗಿತ್ತು. ಈ ಯೋಜನೆಯಡಿ 2017ರಲ್ಲಿ ಹೈದರಾಬಾದಿನ ಟ್ರೂಜೆಟ್ ಸಂಸ್ಥೆ ತನ್ನ ಎಟಿಆರ್ ವಿಮಾನಗಳನ್ನು ವಿದ್ಯಾನಗರಕ್ಕೆ ತಂದಿತು. ಹಂಪಿಯ ಕಡೆಗೆ ಬರುವವರಿಗೆ ಹೈದರಾಬಾದ್, ಬೆಂಗಳೂರು ಹತ್ತಿರವಾದವು. 2022ರಲ್ಲಿ ಟ್ರೂಜೆಟ್ ಹಾರಾಟ ನಿಲ್ಲಿಸಿತು. ಮುಂದೆ ಅಲಯನ್ಸ್ ಏರ್, ಸ್ಟಾರ್ ಏರ್ ಹೆಸರುಗಳು ಈ ನಿಲ್ದಾಣದೊಂದಿಗೆ ಸೇರಿದವು. ನಿಲ್ದಾಣದ ದಾಖಲೆಯಲ್ಲಿ ಸಂಸ್ಥೆಯ ಹೆಸರನ್ನು ಬರೆದುಬಿಡುವ ಬದಲು ನಿಲ್ದಾಣ, ಸಂಸ್ಥೆ, ಮಾರ್ಗ ಮೂರನ್ನೂ ಪ್ರತ್ಯೇಕ ಪಟ್ಟಿಗಳಲ್ಲಿಟ್ಟು ನಡುವೆ ಕೊಂಡಿ ಹಾಕುವುದು ಇದಕ್ಕಾಗಿಯೇ. ಸಂಸ್ಥೆ ನಿಂತಾಗ ಅದರ ಸಾಲಿಗೆ ಮುಕ್ತಾಯದ ತಾರೀಖು ಬಿದ್ದರೆ ಅದರ ಎಲ್ಲ ಮಾರ್ಗಗಳೂ ಎಲ್ಲ ಕೋಷ್ಟಕಗಳಿಂದ ಒಟ್ಟಿಗೆ ಇಳಿಯುತ್ತವೆ. ಆದರೆ ಸಾಲನ್ನು ಅಳಿಸಬಾರದು. ಹಳೆಯ ಟಿಕೆಟ್ಟಿನ ಹಣ ವಾಪಸು ಕೇಳುವವರಿಗೆ, ಜಿಲ್ಲೆಯ ಸಾರಿಗೆಯ ಚರಿತ್ರೆ ಬರೆಯುವವರಿಗೆ ಅದು ಬೇಕು.

ದೇಶದ ಮಟ್ಟದಲ್ಲಿ ಇದೇ ಕತೆ ದೊಡ್ಡದಾಗಿ ನಡೆದಿದೆ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತವು. 2024ರ ಅಕ್ಟೋಬರ್ 1ರಂದು ಎಐಎಕ್ಸ್ ಕನೆಕ್ಟ್ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ವಿಲೀನವಾಯಿತು. ಅದೇ ವರ್ಷ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ಸೇರಿಹೋಗಿ ಅದರ ಹಾರಾಟಗಳಿಗೆ ಏರ್ ಇಂಡಿಯಾದ ಸಂಖ್ಯೆಗಳು ಬಂದವು. ವಿಸ್ತಾರಾ ಮತ್ತು ಏರ್ ಇಂಡಿಯಾಗಳಲ್ಲಿ ಯಾವುದು ಒಳ್ಳೆಯದು ಎಂದು ವಿವರಿಸುವ ಬರಹಗಳು ಅದರ ನಂತರವೂ ಓದುಗರ ಮುಂದೆ ಬರುತ್ತಿದ್ದರೆ, ಬರೆದವರ ಹಿಂದೆ ದತ್ತಸಂಚಯ ಇರಲಿಲ್ಲ ಎಂದೇ ಅರ್ಥ.

ಒಂದು ದಾಖಲೆಯ ಒಳಗೆ

ಲಗೇಜಿನ ಒಂದು ದಾಖಲೆಯನ್ನು ಬಿಡಿಸಿ ನೋಡಬಹುದು. ಕೇವಲ ‘15 ಕೆ.ಜಿ.’ ಎಂದಿದ್ದರೆ ಅದು ಅರ್ಧ ಸತ್ಯ. ಯಾವ ಸಂಸ್ಥೆ, ಯಾವ ದರದ ಟಿಕೆಟ್, ದೇಶೀಯವೋ ವಿದೇಶವೋ, ಒಟ್ಟು ತೂಕವೋ ತುಂಡಿನ ಲೆಕ್ಕವೋ, ಕ್ಯಾಬಿನ್ ಚೀಲವೋ ಚೆಕ್-ಇನ್ ಆಗುವ ಪೆಟ್ಟಿಗೆಯೋ, ಯಾವ ದಿನಾಂಕದ ನಂತರ ಕೊಂಡ ಟಿಕೆಟ್ಟಿಗೆ, ಮೂಲ ಯಾವುದು, ಯಾರು ಯಾವತ್ತು ಪರಿಶೀಲಿಸಿದರು ಇಷ್ಟೂ ಕೂಡಿದಾಗ ಒಂದು ಸಾಲು ಪೂರ್ಣ. ಅಮೆರಿಕದಲ್ಲಿರುವ ಮಗಳ ಮನೆಗೆ ಹೊರಟ ಗಂಗಾವತಿಯ ತಾಯಿಯನ್ನು ತೆಗೆದುಕೊಳ್ಳಿ. ಅಮೆರಿಕದ ಎಷ್ಟೋ ಟಿಕೆಟ್‌ಗಳಲ್ಲಿ ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆಗೆ ಅವಕಾಶ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬೇರೆಯೇ ಟಿಕೆಟ್ ಕೊಂಡಿದ್ದರೆ ಆ ಒಂದು ಗಂಟೆಯ ಹಾರಾಟಕ್ಕೆ ದೇಶೀಯ ಮಿತಿ ಅನ್ವಯಿಸುತ್ತದೆ. ಅದು ಸಾಮಾನ್ಯವಾಗಿ 15 ಕೆ.ಜಿ. ಚಟ್ನಿಪುಡಿ, ಖಡಕ್ ರೊಟ್ಟಿ, ಸೀರೆ ತುಂಬಿದ ಪೆಟ್ಟಿಗೆಗಳನ್ನು ಹುಬ್ಬಳ್ಳಿಯ ಕೌಂಟರಿನಲ್ಲೇ ಬಿಚ್ಚಬೇಕಾಗುತ್ತದೆ. ಎರಡು ನಿಯಮಗಳೂ ಪ್ರತ್ಯೇಕವಾಗಿ ಸರಿಯೇ, ಅವು ಯಾವಾಗ ಒಟ್ಟಿಗೆ ಅನ್ವಯಿಸುತ್ತವೆ ಎಂಬುದನ್ನು ದಾಖಲೆ ಹೇಳದಿದ್ದರೆ ಮಾಹಿತಿ ಇದ್ದೂ ನಿಷ್ಫಲ.

ಮಾಹಿತಿ ಎರಡು ಕಡೆ ಎರಡು ಥರ ಇದ್ದಾಗ ಹೊಣೆ ಯಾರದು ಎಂಬ ಪ್ರಶ್ನೆಗೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ನ್ಯಾಯಮಂಡಳಿಯೊಂದು 2024ರ ಫೆಬ್ರುವರಿಯಲ್ಲಿ ಸ್ಪಷ್ಟ ಉತ್ತರ ಕೊಟ್ಟಿತು. ಸಂಬಂಧಿಕರ ಸಾವಿನ ಸಂದರ್ಭದ ರಿಯಾಯಿತಿ ದರದ ಬಗ್ಗೆ ಏರ್ ಕೆನಡಾದ ಚಾಟ್‌ಬಾಟ್ ಒಂದು ಹೇಳಿತ್ತು, ಅದೇ ಸಂಸ್ಥೆಯ ನಿಯಮಗಳ ಪುಟ ಬೇರೆಯದನ್ನು ಹೇಳುತ್ತಿತ್ತು. ಎರಡೂ ಸಂಸ್ಥೆಯವೇ, ಯಾವುದು ಸರಿ ಎಂದು ಪ್ರಯಾಣಿಕ ಹುಡುಕಬೇಕಿಲ್ಲ ಎಂದ ಮಂಡಳಿ ಸುಮಾರು 812 ಕೆನಡಾ ಡಾಲರ್ ಕೊಡಿಸಿತು. ಮೊತ್ತ ಚಿಕ್ಕದು, ತತ್ವ ದೊಡ್ಡದು.

ಒಂದೇ ಮೂಲದ ಅಪಾಯ

ಒಂದೇ ಮೂಲ ಎಂದರೆ ತಪ್ಪಿಗೂ ಒಂದೇ ಮೂಲ. ಅಲ್ಲಿ ಬಿದ್ದ ಒಂದು ತಪ್ಪು ಅಂಕಿ ಕ್ಷಣದಲ್ಲಿ ನೂರು ಕಡೆ ಕಾಣಿಸಿಕೊಳ್ಳುತ್ತದೆ. 2023ರ ಜನವರಿ 11ರಂದು ಅಮೆರಿಕದಲ್ಲಿ ವಿಮಾನ ಚಾಲಕರಿಗೆ ಸೂಚನೆ ನೀಡುವ ದತ್ತಸಂಚಯದ ಕಡತ ಕೆಟ್ಟು ದೇಶದಾದ್ಯಂತ ವಿಮಾನಗಳ ನಿರ್ಗಮನ ಕೆಲಹೊತ್ತು ನಿಂತಿತು. ಅದೇ ವರ್ಷ ಆಗಸ್ಟ್ 28ರಂದು ಬ್ರಿಟನ್ನಿನ ವಾಯು ಸಂಚಾರ ನಿಯಂತ್ರಣ ವ್ಯವಸ್ಥೆ ಕುಸಿದು ಏಳು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ತೊಂದರೆಗೊಳಗಾದರು. ಕಾರಣ, ಒಂದೇ ಹಾರಾಟದ ಯೋಜನೆಯಲ್ಲಿ ಡಿವಿಎಲ್ ಎಂಬ ಒಂದೇ ಸಂಕೇತ ಹೊತ್ತ ಎರಡು ಜಾಗಗಳಿದ್ದವು: ಒಂದು ಅಮೆರಿಕದ ಡೆವಿಲ್ಸ್ ಲೇಕ್, ಇನ್ನೊಂದು ಫ್ರಾನ್ಸಿನ ಡೋವಿಲ್. ಯಂತ್ರಕ್ಕೆ ಅವನ್ನು ಬಿಡಿಸಿ ನೋಡಲಾಗಲಿಲ್ಲ.

ಆದ್ದರಿಂದ ಕೇಂದ್ರದಲ್ಲಿ ತಿದ್ದುವ ಅಧಿಕಾರ ಕೆಲವರಿಗೆ ಮಾತ್ರ ಇರಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒಪ್ಪಬೇಕು. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬ ಚರಿತ್ರೆ ಉಳಿಯಬೇಕು. ಲಗೇಜ್ ಮಿತಿ 15ರಿಂದ 150ಕ್ಕೆ ಏರಿದರೆ ಯಂತ್ರವೇ ತಡೆಯಬೇಕು. ಪರಿಶೀಲನೆಯ ಗಡುವು ಮೀರಿದ ಸಾಲು ತನ್ನಷ್ಟಕ್ಕೆ ತಾನೇ ‘ಖಚಿತವಿಲ್ಲ’ ಎಂದು ತೋರಿಸಬೇಕು. ಹಳೆಯ ಅಂಕಿಯನ್ನು ಧೈರ್ಯವಾಗಿ ತೋರಿಸುವುದಕ್ಕಿಂತ ಖಾಲಿ ಜಾಗ ಎಷ್ಟೋ ಮೇಲು.

ಈ ಶಿಸ್ತು ಕರ್ನಾಟಕಕ್ಕೆ ಹೊಸದಲ್ಲ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆಯ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅದು ಗೆದ್ದದ್ದು ಕಂಪ್ಯೂಟರಿನಿಂದಷ್ಟೇ ಅಲ್ಲ. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸರ್ಕಾರ ಗಟ್ಟಿಯಾಗಿ ಹೇಳಿತು. ಹಳೆಯ ಮೂಲವನ್ನು ಮುಚ್ಚದೆ ಹೊಸದನ್ನು ತೆರೆದಿದ್ದರೆ ರೈತರಿಗೆ ಎರಡು ಪಹಣಿ, ಎರಡು ಜಗಳ ಉಳಿಯುತ್ತಿದ್ದವು. ಹೋಲಿಕೆ ಮಾಹಿತಿ ನೀಡುವವರು ಎಡವುವುದು ಸರಿಯಾಗಿ ಇಲ್ಲಿ: ದತ್ತಸಂಚಯ ಕಟ್ಟುತ್ತಾರೆ, ಆದರೆ ಬರಹದ ನಡುವೆ ಕೈಯಾರೆ ಸೇರಿಸಿದ ಹಳೆಯ ಅಂಕಿಗಳನ್ನು ಹುಡುಕಿ ತೆಗೆಯುವುದಿಲ್ಲ.

ಕನ್ನಡದಲ್ಲಿ

ಕನ್ನಡದ ಪ್ರಯಾಣ ಮಾಹಿತಿ ಬೇಗ ಹಳಸುವುದಕ್ಕೆ ಕಾರಣ ಭಾಷೆಯಲ್ಲ, ಕೆಲಸದ ಕ್ರಮ. ಇಂಗ್ಲಿಷ್ ಬರಹವನ್ನು ತಿದ್ದುತ್ತಾರೆ, ಅದರ ಕನ್ನಡ ರೂಪ ಹಿಂದೆ ಉಳಿಯುತ್ತದೆ. ಅಂಕಿ, ತಾರೀಖು, ಸಂಕೇತಗಳು ಒಂದೇ ಮೂಲದಲ್ಲಿದ್ದು ಸುತ್ತಲಿನ ಮಾತು ಮಾತ್ರ ಆಯಾ ಭಾಷೆಯಲ್ಲಿದ್ದರೆ, ಒಂದು ಕಡೆ ತಿದ್ದಿದ್ದು ಎರಡರಲ್ಲೂ ಅದೇ ಗಳಿಗೆಯಲ್ಲಿ ಬದಲಾಗುತ್ತದೆ. 2012ರ ಅಕ್ಟೋಬರಿನಲ್ಲಿ ಆರಂಭವಾದ ವಿಕಿಡೇಟಾ ಇದನ್ನೇ ಸಾರ್ವಜನಿಕವಾಗಿ ಮಾಡಿ ತೋರಿಸಿದೆ. ಒಂದು ವಿಮಾನ ನಿಲ್ದಾಣಕ್ಕೆ ಅಲ್ಲಿ ಒಂದೇ ದಾಖಲೆ, ಅದರ ಹೆಸರು ಹಲವು ಭಾಷೆಗಳಲ್ಲಿ, ಸಂಕೇತ ಮತ್ತು ಸ್ಥಾನದ ವಿವರ ಎಲ್ಲರಿಗೂ ಸಮಾನ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ಲೇಖನಗಳೂ ಅಲ್ಲಿಂದ ವಿವರ ಪಡೆಯಬಹುದು.

ಆದರೆ ನದಿಯ ಈ ದಡದ ರಸ್ತೆ, ದೋಣಿ ನಿಲ್ಲುವ ತಿಂಗಳು, ಗಂಗಾವತಿಯಿಂದ ಬಸ್ಸು ಸಿಗುವ ಹೊತ್ತು ಇವನ್ನು ದೂರದ ಯಾವ ದತ್ತಸಂಚಯವೂ ತಾನಾಗಿ ಅರಿಯದು. ಸಾಣಾಪುರದ ಹೋಂಸ್ಟೇ ನಡೆಸುವವರಿಗೆ, ಹರಿಗೋಲು ಹಾಕುವವರಿಗೆ, ಆನೆಗೊಂದಿಯ ಆಟೊ ಚಾಲಕರಿಗೆ ಇದು ದಿನನಿತ್ಯದ ತಿಳಿವಳಿಕೆ. ಅವರು ಹೇಳಿದ್ದನ್ನು ದಾಖಲಿಸುವ, ಹೇಳಿದ ದಿನಾಂಕವನ್ನು ಪಕ್ಕದಲ್ಲಿ ಬರೆಯುವ ಕಾಲಂ ಇಲ್ಲದ ಕೇಂದ್ರ ಮೂಲ ವಿದ್ಯಾನಗರದ ರನ್‌ವೇವರೆಗೆ ಮಾತ್ರ ನಿಖರವಾಗಿರುತ್ತದೆ. ಪ್ರವಾಸೋದ್ಯಮ ಇಲಾಖೆ ಈ ಕಾಲಂ ತುಂಬುವ ಕೆಲಸವನ್ನು ಜಿಲ್ಲಾ ಮಟ್ಟದಲ್ಲಿ ಒಬ್ಬರಿಗೆ ವಹಿಸಿ, ಮಳೆಗಾಲದ ಆರಂಭದಲ್ಲೊಮ್ಮೆ, ವೇಳಾಪಟ್ಟಿ ಹೊರಳುವ ಮಾರ್ಚ್ ಮತ್ತು ಅಕ್ಟೋಬರ್‌ಗಳಲ್ಲೊಮ್ಮೆ ಪರಿಶೀಲಿಸಿದರೂ ಸಾಕು.